ಹೊರೆ ಹೊತ್ತ ಗಾಡಿಗೂ ಗೌರವ ಬೇಡವೇ?

ಐವತ್ತು ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿತು. 20 ಸಾವಿರ ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ, ಅದಕ್ಕೇ ಮೀಸಲಾದ ನಂಬರ್ ಪ್ಲೇಟು. ಒಳ್ಳೆಯ ನಿಯಮವೇ. ಆದರೆ ಅದು ಅನ್ವಯಿಸುವುದು ದ್ವಿಚಕ್ರ ವಾಹನಕ್ಕೆ ಮತ್ತು ಕಾರು, ಜೀಪಿನಂಥ ಪ್ರಯಾಣಿಕ ವಾಹನಕ್ಕೆ ಮಾತ್ರ. ಮಹಾರಾಜರು ಕೂತು ಓಡಾಡಿದ ಕಾರು ಪರಂಪರೆಯಂತೆ. ಸೈನಿಕರಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೊತ್ತು ಬೆಟ್ಟ ಹತ್ತಿದ ಲಾರಿ ಮಾತ್ರ ಗುಜರಿ. ಈ ಭೇದ ನನಗೆ ಒಪ್ಪಿಗೆಯಿಲ್ಲ.

ನನ್ನದು ಸಕಲೇಶಪುರದ ಕಡೆ ಒಂದು ಕಾಫಿ ತೋಟ. ಶೆಡ್ಡಿನಲ್ಲಿ ಸೇನೆಯ ಹರಾಜಿನಿಂದ ಬಂದ ಶಕ್ತಿಮಾನ್ ನಿಂತಿದೆ. ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು, ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ 1959ರಲ್ಲಿ ಈ ಲಾರಿಯ ತಯಾರಿಕೆ ಶುರುವಾಯಿತು. ಆಮೇಲೆ ಅದೇ ಊರಿನ ವೆಹಿಕಲ್ ಫ್ಯಾಕ್ಟರಿ ಅದನ್ನು ಮುಂದುವರಿಸಿತು; 1996ರಲ್ಲಿ ನಿಂತಿತು. 1965 ಮತ್ತು 1971ರ ಯುದ್ಧಗಳಲ್ಲಿ ನಮ್ಮ ಸೇನೆಯ ಸಾಮಾನು ಸಾಗಿಸಿದ್ದು ಇದೇ ಗಾಡಿ. ಸೇನೆಗೆ ಬೇಡವಾದ ಮೇಲೂ ಇವು ಸುಮ್ಮನೆ ಕೂರಲಿಲ್ಲ. ಕೆಲವು ಕ್ರೇನ್ ಆದವು, ಕೆಲವು ಮರದ ದಿಮ್ಮಿ ಎಳೆದವು. ಮಲೆನಾಡಿನ ಮಳೆಯಲ್ಲಿ ಟ್ರ್ಯಾಕ್ಟರ್ ಹೂತು ಕೂತಾಗ, ನಾಲ್ಕೂ ಕಡೆ ಚಕ್ರಕ್ಕೆ ಎಳೆತ ಕೊಟ್ಟು ಎಬ್ಬಿಸಿಕೊಂಡು ಬರುವ ಗಾಡಿ ಬೇರೆ ಯಾವುದಿತ್ತು?

ಇದನ್ನು ಸಾಕುವುದು ಅಗ್ಗದ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಡೀಸೆಲ್ ಕುಡಿಯುತ್ತದೆ, ಟೈರಿಗೆ ದುಡ್ಡು ಕೇಳುತ್ತದೆ, ಸಾಮಾನಿಗೆ ಗುಜರಿ ಬಜಾರು ಅಲೆಸುತ್ತದೆ. ಆದರೆ ಏನು ಕೆಟ್ಟಿದೆಯೆಂಬುದನ್ನು ಮುಚ್ಚಿಡುವುದಿಲ್ಲ. ಮಳೆಗಾಲವಿಡೀ ನಿಂತ ಗಾಡಿಯನ್ನು ಹೊರಡಿಸುವುದನ್ನೇ ನೋಡಿ. ಕೀಲಿಗೆ ಕೈ ಹಾಕಿದರೆ ನಮ್ಮ ಮೇಸ್ತ್ರಿ ಗದರುತ್ತಾರೆ: ‘ಏರ್ ಹಿಡ್ಕಂಡದೆ ಸಾರ್, ಸುಮ್ನೆ ಸೆಲ್ಫ್ ಹೊಡೀಬೇಡಿ, ಬ್ಯಾಟ್ರಿ ಕೂತ್ಕಂತದೆ.’ ಮೊದಲು ಟ್ಯಾಂಕಿನ ತಳದ ಬೋಲ್ಟು ಬಿಚ್ಚಿ, ಕೆಳಗಿಳಿದ ನೀರನ್ನು ಹೊರಬಿಡುತ್ತಾರೆ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾರೆ. ಮೊದಲು ಬರುವುದು ಬುರುಗು. ಗುಳ್ಳೆಯೆಲ್ಲ ಹೋಗಿ ತಿಳಿಯಾದ ಡೀಸೆಲ್ ಬಂದಾಗ, ಪಂಪು ಒತ್ತುತ್ತಲೇ ಸ್ಕ್ರೂ ಬಿಗಿಯುತ್ತಾರೆ. ಆಮೇಲೆ ಒಂದೊಂದೇ ನಾಝಲಿನ ಪೈಪು ಸಡಿಲಿಸಿ ಎಂಜಿನ್ ತಿರುಗಿಸಿ ಗಾಳಿ ಹೊರಡಿಸುತ್ತಾರೆ. ಒಂದು ಸಿಲಿಂಡರ್ ಹಿಡಿಯುತ್ತದೆ, ಎರಡನೆಯದು ಹಿಡಿಯುತ್ತದೆ, ಕೊನೆಗೆ ಆರೂ ಒಟ್ಟಿಗೆ. ಸೆನ್ಸರ್ ಇಲ್ಲ, ಲ್ಯಾಪ್‌ಟಾಪ್ ಬೇಕಿಲ್ಲ. ಒಂದು ಸ್ಪಾನರ್ ಸೆಟ್ಟು, ನಿಗಾ ಇಟ್ಟ ಕಿವಿ ಇದ್ದರೆ ಸಾಕು.

ನಮ್ಮ ಗಾಡಿಯ ಪಂಪಿನ ತಗಡಿನ ಮೇಲೆ ‘ಮೈಕೋ’ ಎಂದಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು ತಯಾರಿಸಿದ ಆ ಕಂಪನಿ 2008ರಲ್ಲಿ ಹೆಸರು ಬದಲಿಸಿಕೊಂಡು ಬಾಷ್ ಆಯಿತು. ಅದರ ಪಂಪು ಬಿಚ್ಚಿ ಕ್ಯಾಲಿಬ್ರೇಷನ್ ಮಾಡಬಲ್ಲ ಕೈಗಳು ಒಂದು ಕಾಲಕ್ಕೆ ನಮ್ಮ ಊರೂರಲ್ಲೂ ಇದ್ದವು. ಆ ಕೈಗಳಿಗೀಗ ವಯಸ್ಸಾಗಿದೆ. ಗಾಡಿ ಗುಜರಿಗೆ ಹೋದರೆ ಕೆಲಸವೂ ಹೋಗುತ್ತದೆ. ಕಲಿಯಲು ಬರುವ ಹುಡುಗನಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಮೂರು. ಒಂದು, ಬಾಡಿಗೆಗೆ ಓಡದ ಹಳೆಯ ಸೇನಾ ಲಾರಿಗಳನ್ನೂ ವಿಂಟೇಜ್ ನಿಯಮದೊಳಗೆ ಸೇರಿಸಬೇಕು. ಎರಡು, ಐವತ್ತು ವರ್ಷದ ಲೆಕ್ಕ ಶುರುವಾಗುವುದು ಮೊದಲ ನೋಂದಣಿಯಿಂದ. ಹರಾಜಿನ ಗಾಡಿ ಆರ್‌ಟಿಒ ಕಚೇರಿಗೆ ಬರುವುದು ಸೇನೆಯಲ್ಲಿ ದುಡಿದು ಮುಗಿಸಿದ ಮೇಲೆ. ಸರ್ವಿಸ್ ಬಿಟ್ಟು ಪಿಂಚಣಿ ಲೆಕ್ಕ ಹಾಕಿದ ಹಾಗಾಗದಂತೆ, ಸೇನೆಯ ವರ್ಷಗಳೂ ಸೇರುತ್ತವೆ ಎಂದು ನಿಯಮ ಬಾಯಿಬಿಟ್ಟು ಹೇಳಬೇಕು. ಮೂರನೆಯದು ಬಣ್ಣ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯುವಂತಿಲ್ಲ. ನಮ್ಮದಕ್ಕೆ ಇಟ್ಟಿಗೆ ಬಣ್ಣ. ಬಾನೆಟ್ಟಿನ ಅಂಚು ಸವೆದಲ್ಲಿ ಹಳೆಯ ಹಸಿರು ಇಣುಕುತ್ತದೆ. ಮೂಲ ರೂಪ ಉಳಿಸಿದರೆ ಮಾತ್ರ ವಿಂಟೇಜ್ ಎನ್ನುವ ಸರ್ಕಾರವೇ ಮೂಲ ಬಣ್ಣ ಬೇಡವೆನ್ನುತ್ತದೆ. ಭದ್ರತೆಯ ಆತಂಕ ಸುಳ್ಳಲ್ಲ, ಸೇನೆಯ ವೇಷದಲ್ಲಿ ಯಾರೂ ತಿರುಗಬಾರದು. ಪ್ರದರ್ಶನದ ಗಾಡಿಗೆ ಮಾತ್ರ ಅನುಮತಿ ಕೊಟ್ಟು, ಎರಡೂ ಬದಿಗೆ ದೂರದಿಂದಲೇ ಕಾಣುವ ಬಿಳಿ ಪಟ್ಟಿ ಕಡ್ಡಾಯ ಮಾಡಲಿ.

ಹೊಗೆಯ ಮಾತು ಬಂದೇ ಬರುತ್ತದೆ. ಹಳೆಯ ಡೀಸೆಲ್ ಎಂಜಿನ್ ಹೊಗೆ ಬಿಡುತ್ತದೆ, ನಿಜ. ಆದರೆ ವಿಂಟೇಜ್ ವಾಹನ ದಿನನಿತ್ಯ ಓಡಬಾರದು, ದುಡಿಮೆಗೆ ಬಳಸಬಾರದು ಎಂದು ಈಗಿನ ನಿಯಮವೇ ಹೇಳುತ್ತದೆ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿ, ಅಷ್ಟಕ್ಕೇ ರಸ್ತೆ. ಲಾರಿಗೂ ಅದೇ ಕಟ್ಟು ಹಾಕಿ, ಬ್ರೇಕು ವರ್ಷಕ್ಕೊಮ್ಮೆ ಪರೀಕ್ಷಿಸಿ. ಈ ನೋಂದಣಿ ಸಿಕ್ಕ ದಿನವೇ ತೋಟದ ಹೊರೆ ಇಳಿಸಲು ನಾನು ಸಿದ್ಧ.

ಇಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಖಜಾನೆಯಿಂದ ಒಂದು ರೂಪಾಯಿಯೂ ಬೇಕಿಲ್ಲ. ಸಾಕುವ ಖರ್ಚು ನಮ್ಮದೇ, ಶುಲ್ಕವನ್ನೂ ನಾವೇ ಕಟ್ಟುತ್ತೇವೆ. ಸಾರಿಗೆ ಸಚಿವಾಲಯ ಮಾಡಬೇಕಾದದ್ದು ನಿಯಮಕ್ಕೊಂದು ತಿದ್ದುಪಡಿ. ಗ್ಯಾಸ್ ಕಟ್ಟರಿಗೆ ಸಿಗದೆ ಉಳಿದ ಗಾಡಿಗಳು ಇನ್ನೂ ಇರುವಾಗಲೇ ಅದನ್ನು ಮಾಡಲಿ.