ಸೈರನ್ ಇಲ್ಲದ ಸಂಜೆ

ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕಾಲದಲ್ಲಿ ಕೆಲಸ ಮುಗಿಯಿತೆಂದು ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಸೈರನ್ ಕೂಗುತ್ತಿತ್ತು, ಗೇಟಿನಿಂದ ಸೈಕಲ್ಲುಗಳ ಸಾಲು ಹೊರಬೀಳುತ್ತಿತ್ತು, ಸುತ್ತಲಿನ ಮನೆಗಳಲ್ಲಿ ಕಾಫಿಗೆ ಹಾಲು ಒಲೆಯೇರುತ್ತಿತ್ತು. ಲೇಥನ್ನು ಮನೆಗೆ ಹೊತ್ತೊಯ್ಯುವಂತಿರಲಿಲ್ಲವಲ್ಲ! ಇಂದು ಯಂತ್ರ ಬೆನ್ನಚೀಲದಲ್ಲಿದೆ, ಅದರ ಮರಿ ಜೇಬಿನಲ್ಲಿದೆ. ಸೈರನ್ ಮಾತ್ರ ಇಲ್ಲ.

ರಾತ್ರಿ ಒಂಬತ್ತೂವರೆ. ತಟ್ಟೆಯಲ್ಲಿ ಸಾರನ್ನ ಕಲೆಸಿದ್ದಾಗಿದೆ. ಬೋರಲು ಹಾಕಿದ ಫೋನು ಗುಂಯ್ ಎನ್ನುತ್ತದೆ: 'ಎರಡೇ ನಿಮಿಷ, ಫ್ರೀ ಇದ್ದೀರಾ?' ಎಡಗೈಯಲ್ಲೇ 'ಹೇಳಿ ಸಾರ್' ಎಂದು ಒತ್ತಿದ್ದಾಯಿತು. ಕೆಲಸ ನಿಜಕ್ಕೂ ಎರಡೇ ನಿಮಿಷದ್ದಿರಬಹುದು. ಆದರೆ ಈ ಹೊತ್ತಿನಲ್ಲೂ ಉತ್ತರ ಸಿಗುತ್ತದೆ ಎಂಬ ಪದ್ಧತಿ ಅಲ್ಲೇ ಹುಟ್ಟಿಕೊಂಡಿತು. ಕೆಲಸ ಕೊಡುವವರಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸಿಗೆಯ ಬೆಳಗಿನ ಒಂಬತ್ತು ಇಲ್ಲಿನ ರಾತ್ರಿ ಒಂಬತ್ತೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಬೆಂಗಳೂರಿನವರ ಊಟ, ನಿದ್ದೆ ಒಂದು ಗಂಟೆ ಮುಂದಕ್ಕೆ ಹೋಗುತ್ತವೆ.

ಹೀಗೆ ಮುಗಿಯದ ದುಡಿಮೆಯ ಕೊನೆಗೆ ಬರುವ ಬರ್ನ್‌ಔಟನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಬಿಡದ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗದೆಂಬ ಭಾವ, ಈ ಮೂರು ಅದರ ಗುರುತು. ಅದೇ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಜೊತೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ತೊಂದರೆ ಹುಟ್ಟುವುದು ಕಚೇರಿಯಲ್ಲಿ. ಮದ್ದು ಮಾತ್ರ ನೌಕರನ ತಲೆಗೆ: ಧ್ಯಾನ ಮಾಡಿ, 'ಆಗಲ್ಲ' ಎನ್ನಲು ಕಲಿಯಿರಿ.

ಆದರೆ 'ಆಗಲ್ಲ' ಎನ್ನುವುದಕ್ಕೂ ಬೆಲೆಯಿದೆ. ಶಿಕ್ಷಣ ಸಾಲದ ಕಂತು ಕಟ್ಟುತ್ತಿರುವ ಹೊಸಬನಿಗೆ ಅದು ಅಪ್ರೈಸಲ್ ಹೊತ್ತಿನಲ್ಲಿ ದುಬಾರಿಯಾಗಬಹುದು. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕಕ್ಕೆ ಸಿಗದಿರುವ ಹಕ್ಕನ್ನು ಕಾನೂನಿಗೆ ತಂದಿರುವುದು ಇದಕ್ಕೇ. ಕರ್ನಾಟಕದಲ್ಲಿ 2024ರ ಜುಲೈನಲ್ಲಿ ಚರ್ಚೆಗೆ ಬಂದದ್ದು ಐಟಿ ನೌಕರರ ದಿನವನ್ನು 14 ಗಂಟೆಗೆ ಎಳೆಯುವ ಪ್ರಸ್ತಾವ. ನೌಕರರ ಸಂಘ ಬೀದಿಗಿಳಿಯಿತು.

ಕಾನೂನು ಬಂದರೂ ರಾತ್ರಿ ಸರ್ವರ್ ಕೈಕೊಡುವುದು ನಿಲ್ಲದು ಎಂಬ ವಾದ ಸರಿಯೇ. ಆಸ್ಪತ್ರೆಯಲ್ಲಿ ರೋಗಿಯೂ ಗಂಟೆ ನೋಡಿ ನರಳುವುದಿಲ್ಲ. ಆದರೂ ಪಾಳಿ ಮುಗಿದ ನರ್ಸ್ ಮನೆಗೆ ಹೋಗುತ್ತಾಳೆ. ಹೋಗುವ ಮುನ್ನ ಹಾಸಿಗೆಯಿಂದ ಹಾಸಿಗೆಗೆ ನಡೆದು, ಯಾರಿಗೆ ಜ್ವರ ಏರಿದೆ, ಯಾವ ಡ್ರಿಪ್ ಎಷ್ಟು ಹೊತ್ತಿಗೆ ಬದಲಿಸಬೇಕು ಎಂದು ಮುಂದಿನವಳಿಗೆ ಒಪ್ಪಿಸುತ್ತಾಳೆ. ಒಪ್ಪಿಸಿಕೊಳ್ಳುವವರಿದ್ದರೆ ಹೊರಡಲು ಧೈರ್ಯವೇ ಬೇಕಿಲ್ಲ. ಬಹಳಷ್ಟು ಕಚೇರಿಗಳಲ್ಲಿ ಇಲ್ಲದ್ದು ನೌಕರನ ದಿಟ್ಟತನವಲ್ಲ, ಈ ಒಪ್ಪಿಸುವ ವ್ಯವಸ್ಥೆ. ವಾರಕ್ಕೊಬ್ಬರಂತೆ ರಾತ್ರಿಯ ಕರೆಗೆ ಹೆಸರು ಬರೆದಿಟ್ಟರೆ ಉಳಿದವರು ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗಬಹುದು.

ಒಳ್ಳೆಯ ಮ್ಯಾನೇಜರುಗಳೂ ಎಡವುವ ಜಾಗವೊಂದಿದೆ. ರಾತ್ರಿ ಹನ್ನೊಂದಕ್ಕೆ ಮೇಲ್ ಬರೆದು ಕೊನೆಗೆ 'ಬೆಳಿಗ್ಗೆ ನೋಡಿದರೆ ಸಾಕು' ಎಂದು ಸೇರಿಸುತ್ತಾರೆ. ಆ ಸಾಲು ಓದುವಷ್ಟರಲ್ಲಿ ಮಲಗಿದ್ದವನು ಎದ್ದು ಕೂತಿರುತ್ತಾನೆ. ಬರೆದದ್ದನ್ನು ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿ ಹೋಗುವಂತೆ ಇಡುವ ಸೌಲಭ್ಯ ಅದೇ ಪರದೆಯಲ್ಲಿ, 'ಕಳುಹಿಸು' ಗುಂಡಿಯ ಪಕ್ಕದಲ್ಲೇ ಇದೆ.