ಆಟಗಾರನ ಬೆಲೆ ಅಂತರದಲ್ಲಿದೆ

ಅಮೆರಿಕದ ಪತ್ರಕರ್ತ ಡೇನಿಯಲ್ ಒಕ್ರೆಂಟ್ 1980ರಲ್ಲಿ ಗೆಳೆಯರೊಂದಿಗೆ ಶುರು ಮಾಡಿದ ಲೀಗ್‌ನಿಂದ ಫ್ಯಾಂಟಸಿ ಬೇಸ್‌ಬಾಲ್ ಜನಪ್ರಿಯವಾಯಿತು. ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಇದರ ಜೀವಾಳ. ಹೊಸಬರು ಹೆಚ್ಚು ಹೋಂ ರನ್ ಹೊಡೆದವರ ಹಿಂದೆ ಓಡುತ್ತಾರೆ. ನನ್ನ ಪ್ರಕಾರ ಅದು ಅರ್ಧ ಲೆಕ್ಕ.

ತಂಡಕ್ಕೆ ಕ್ಯಾಚರ್ ಬೇಕೇ ಬೇಕು. 2009ರಲ್ಲಿ 30 ಹೋಂ ರನ್ ದಾಟಿದ ಫಸ್ಟ್ ಬೇಸ್‌ಮನ್‌ಗಳು ಆರಕ್ಕೂ ಹೆಚ್ಚು. ಕ್ಯಾಚರ್ ಒಬ್ಬರೂ ಇಲ್ಲ. 28 ಹೊಡೆದ ಜೋ ಮೌರ್ ಅವರೇ ಕ್ಯಾಚರ್‌ಗಳಲ್ಲಿ ಮೊದಲಿಗರು. ಒಬ್ಬ ಫಸ್ಟ್ ಬೇಸ್‌ಮನ್ ಕೈತಪ್ಪಿದರೆ ಅಂಥವರೇ ಇನ್ನೊಬ್ಬರು ಸಿಗುತ್ತಾರೆ; ಮೌರ್ ಕೈತಪ್ಪಿದರೆ ಸಿಗುವುದಿಲ್ಲ. ಬೆಲೆ ಇರುವುದು ಆ ಅಂತರಕ್ಕೆ.

ಕೆಲಸ ಹುಡುಕುವ ನಮಗೂ ಇದೇ ಲೆಕ್ಕ. ಎಲ್ಲರೂ ಮುಗಿಸಿದ ಕೋರ್ಸನ್ನಷ್ಟೇ ನಾವೂ ಮುಗಿಸಿದರೆ, ನಮ್ಮ ಜಾಗಕ್ಕೆ ಇನ್ನೊಬ್ಬರು ಸಿದ್ಧರಿರುತ್ತಾರೆ. ಸುಲಭವಾಗಿ ಸಿಗದ ಒಂದು ಕೌಶಲವಾದರೂ ನಮ್ಮ ಕೈಯಲ್ಲಿರಲಿ.