ಹೊಂಗೆ ಬೀಜ ಆರಿಸೋರು ಯಾರು?

ನಮ್ಮ ಲ್ಯಾಬಿನ ಕಪಾಟಿನಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಅದರ ಮೇಲೆ 'ಹೊಂಗೆ ಬಯೋಡೀಸೆಲ್' ಅಂತ ಚೀಟಿ. ಸೀನಿಯರ್‌ಗಳು ಮಿನಿ ಪ್ರಾಜೆಕ್ಟಿಗೆ ಮಾಡಿ, ಮಾರ್ಕ್ಸ್ ತಗೊಂಡು ಅಲ್ಲೇ ಇಟ್ಟು ಹೋಗಿದ್ದರು. ಈ ವರ್ಷ ನಾವು ನಾಲ್ಕು ಜನ ಅದನ್ನೇ ಮಾಡಿದೆವು. ಈಗ ಅಲ್ಲಿ ಎರಡು ಬಾಟಲಿ ಇವೆ.

ಮಾಡೋದು ಅಂಥ ಕಷ್ಟವೇನಲ್ಲ. ಹೊಂಗೆ ಎಣ್ಣೆ ಮಂದ. ಬಹಳ ದಿನ ಹಾಗೇ ಬಳಸಿದರೆ ಇಂಜೆಕ್ಟರ್ ಕಟ್ಟಿಕೊಳ್ಳಬಹುದು. ಅದಕ್ಕೆ ಮೆಥನಾಲ್, ಸ್ವಲ್ಪ ಕ್ಷಾರ ಸೇರಿಸಿ ಸುಮಾರು 60 ಡಿಗ್ರಿ ಬಿಸಿಯಲ್ಲಿ ಕಲಕಿದರೆ ಗ್ಲಿಸರಿನ್ ಕೆಳಗೆ ಇಳಿಯುತ್ತದೆ, ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚಿದ್ದರೆ ಸೋಪಾಗುತ್ತೆ. ಮೊದಲ ಸಲ ನಮ್ಮದು ಸೋಪೇ ಆಯ್ತು!

ಇದೇನು ಹೊಸ ವಿಷಯವೂ ಅಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮಲ್ಲೇ ಐಐಎಸ್‌ಸಿಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ್ದರು. ಹಾಗಾದರೆ ಇನ್ನೂ ಯಾಕೆ ಅದು ಬಾಟಲಿಯಲ್ಲೇ ಇದೆ?

ಉತ್ತರ ನಮಗೆ ಸಿಕ್ಕಿದ್ದು ಬಸವಾಪಟ್ಟಣದಲ್ಲಿ. ಬೀಜಕ್ಕಾಗಿ ಗೆಳೆಯನ ಊರಿಗೆ ಅಂತ ಮಾರ್ಚ್‌ನಲ್ಲಿ ಅಲ್ಲಿಗೆ ಹೋಗಿದ್ದೆವು. ಭದ್ರಾ ನಾಲೆ ನೀರಿನ ಗದ್ದೆ, ಅಡಿಕೆ ತೋಟ, ರಸ್ತೆ ಪಕ್ಕ ಹೊಂಗೆ ಮರ. ಕೆಳಗೆಲ್ಲ ಕಾಯಿ ಉದುರಿ ಬಿದ್ದಿತ್ತು, ಕೇಳೋರೇ ಇಲ್ಲ. ಗೆಳೆಯನ ಅಜ್ಜಿಗೆ "ಇದನ್ನ ಯಾಕೆ ಯಾರೂ ಆರಿಸಲ್ಲ ಅಜ್ಜಿ?" ಅಂತ ಕೇಳಿದೆವು. "ಆರ್ಸಿ, ಒಣಗ್ಸಿ, ಬಡ್ದು ಬೀಜ ತೆಗೆದ್ರೆ ಎಷ್ಟು ಕೊಡ್ತೀರಪ್ಪಾ? ಕಳೆ ಕೀಳಾಕ್ ಹೋದ್ರೆ ಇದಕ್ಕಿಂತ ಜಾಸ್ತಿ ಸಿಗ್ತೈತಲ್ಲ" ಅಂದರು. ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಎಣ್ಣೆಗೆ ಸುಮಾರು 4 ಕೆಜಿ ಬೀಜ ಬೇಕು. ಆರಿಸಿದವರಿಗೆ ಕೆಜಿಗೆ 30 ರೂಪಾಯಿ ಕೊಡ್ತೀವಿ ಅಂದುಕೊಳ್ಳಿ, ಬೀಜಕ್ಕೇ 120 ರೂಪಾಯಿ ಆಯ್ತು. ಮೆಥನಾಲ್, ಕರೆಂಟು, ಸಾಗಣೆ ಬೇರೆ. ಬಂಕಿನ ಡೀಸೆಲ್ 90ರ ಆಸುಪಾಸಿನಲ್ಲಿದೆ. ಕೂಲಿ ಕಡಿಮೆ ಮಾಡಿದರೆ ಲೆಕ್ಕ ಸರಿಹೋಗುತ್ತೆ, ಆದರೆ ಬೀಜ ಬರಲ್ಲ. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ಕ್ಕೆ ಶೇ. 20 ಮಿಶ್ರಣದ ಗುರಿ ಇಟ್ಟಿತ್ತು. ಬಯೋಡೀಸೆಲ್ ಅದರ ಹತ್ತಿರಕ್ಕೂ ಹೋಗಲಿಲ್ಲ. 2018ರ ನೀತಿ ಬಯೋಡೀಸೆಲ್‌ಗೆ 2030ಕ್ಕೆ ಶೇ. 5 ಸಾಕು ಅಂತು. ಗುರಿ ಇಳಿಯಿತು, ಅಜ್ಜಿಯ ಪ್ರಶ್ನೆ ಹಾಗೇ ಉಳಿಯಿತು.

ಹಾಗಂತ ಬಯೋಡೀಸೆಲ್ ಬೇಡ ಅಂತ ನಾವು ಹೇಳ್ತಿಲ್ಲ. ಎಣ್ಣೆಯೊಂದನ್ನೇ ನೋಡಬೇಡಿ ಅಂತೀವಿ. ಬೀಜ ಅರೆದಾಗ ಎಣ್ಣೆಗಿಂತ ಹೆಚ್ಚು ಸಿಗೋದು ಹಿಂಡಿ. ಅದು ಒಳ್ಳೆ ಗೊಬ್ಬರ, ಪಕ್ಕದಲ್ಲೇ ಅಡಿಕೆ ತೋಟಗಳಿವೆ. ಹೋಬಳಿಗೊಂದು ಗಾಣ ಇದ್ದು ಹಿಂಡಿ ತೋಟಕ್ಕೆ, ಎಣ್ಣೆ ಅಲ್ಲಿಯ ಟಿಲ್ಲರಿಗೆ ಹೋದರೆ ಸಾಗಣೆ ಖರ್ಚು ಉಳಿಯುತ್ತೆ. ಆರಿಸಿದವರಿಗೂ ನಾಲ್ಕು ಕಾಸು ಹೆಚ್ಚು ಕೊಡಬಹುದು. ಪೇಟೆಯಲ್ಲಾದರೆ ಕರಿದ ಎಣ್ಣೆ ಇದೆ. ದಾವಣಗೆರೆಯ ಮಿರ್ಚಿ ಅಂಗಡಿಗಳ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಯಾರೂ ಬಗ್ಗಿ ಆರಿಸಬೇಕಿಲ್ಲ. ಅಂಥ ಎಣ್ಣೆಯನ್ನು ಬಯೋಡೀಸೆಲ್ ಮಾಡಿಸಲು ಎಫ್‌ಎಸ್‌ಎಸ್‌ಎಐ 2018ರಲ್ಲೇ 'ರೂಕೋ' ಎಂಬ ಕಾರ್ಯಕ್ರಮ ಶುರು ಮಾಡಿದೆ.

ಇಷ್ಟರಿಂದ ದೇಶದ ಡೀಸೆಲ್ ಎಲ್ಲ ಬದಲಾಗಲ್ಲ, ನಮಗೂ ಗೊತ್ತು. ಆದರೆ ಒಂದು ಊರಿನ ಟಿಲ್ಲರ್ ಓಡಿದರೂ ಅದು ಕಪಾಟಿನ ಬಾಟಲಿಗಿಂತ ಮೇಲು. ಜೂನಿಯರ್‌ಗಳಿಗೆ ನಮ್ಮ ಮನವಿ ಇಷ್ಟೇ: ಮೂರನೇ ಬಾಟಲಿ ಇಡಬೇಡಿ. ಮುಂದಿನ ಪ್ರಾಜೆಕ್ಟಿನಲ್ಲಿ ಬೀಜ ಆರಿಸುವವರ ಕೂಲಿಯನ್ನೂ ಒಂದು ಕಾಲಂ ಮಾಡಿ, ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಿ.